ಹನ್ನೊಂದನೇ ತಾರೀಖಿನ ನಾಲ್ಕು ದಾಖಲೆಗಳು

ಪೇಂಟರ್ ಪತ್ತೇದಾರ ಬಣ್ಣದ ಡಬ್ಬ ಕೊಂಡರೆ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಕಡ್ಡಿ ಹಾಕಿ ಕಲಕಿ, ಮೂಸಿ ನೋಡಿ, ಆಮೇಲೆ ಚೀಲಕ್ಕೆ ಇಳಿಸುತ್ತಿದ್ದ. ಇಪ್ಪತ್ತೇಳು ವರ್ಷದಿಂದ ಅದೇ ಅಂಗಡಿ, ಅದೇ ಡಬ್ಬ, ಒಂದು ಸಲವೂ ಮೋಸವಾಗಿಲ್ಲ. ಅದಕ್ಕೇ ತನಗೆ ಅನುಮಾನ ಎನ್ನುತ್ತಿದ್ದ. ಬಸ್ ನಿಲ್ದಾಣದ ಗಡಿಯಾರ ಒಂದು ದಿನ ಸರಿಯಾದ ಸಮಯ ತೋರಿಸಿದರೆ ಅದನ್ನು ಯಾರು, ಯಾತಕ್ಕೆ ರಿಪೇರಿ ಮಾಡಿಸಿದರು ಎಂದು ನಾಲ್ಕು ಜನರನ್ನು ವಿಚಾರಿಸಿಕೊಂಡು ಬರುತ್ತಿದ್ದ. ಡಾಕ್ಟರು ಏನೂ ತೊಂದರೆಯಿಲ್ಲ ಎಂದರೆ ಅವರೇನೋ ಮುಚ್ಚಿಡುತ್ತಿದ್ದಾರೆ ಎಂದು ಇವನಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಹೆಂಡತಿ ಟೀ ಕೊಡುವಾಗ ಯಾವತ್ತಿಗಿಂತ ಒಂದಿಷ್ಟು ಹೆಚ್ಚು ನಕ್ಕರೂ ಸಾಕು, ಲೋಟ ಕೆಳಗಿಟ್ಟು ಏನು ಸಮಾಚಾರ ಎಂದು ಕೇಳುವ ಪ್ರಾಣಿ. ಇಂಥವನನ್ನು ಕಟ್ಟಿಕೊಂಡು ಬಾಳಿದ ಆ ಹೆಂಗಸಿಗೆ ಮೊದಲು ಕೈ ಮುಗಿಯಬೇಕು, ಕಥೆ ಆಮೇಲೆ.

ಪತ್ತೇದಾರ ಎಂಬ ಹೆಸರನ್ನು ಊರವರು ತಮಾಷೆಗೆ ಇಟ್ಟಿದ್ದು ಎಂದು ಎಲ್ಲರೂ ತಿಳಿದಿದ್ದರು. ಹಾಗಲ್ಲ. ಇಟ್ಟವನು ಅವನ ಅಪ್ಪ, ಅದೂ ಬೆನ್ನು ತಟ್ಟಿ ಇಟ್ಟದ್ದು.

ಆಗ ಇವನಿಗೆ ಹನ್ನೊಂದು ವರ್ಷ, ಅಕ್ಕನಿಗೆ ಹದಿನೇಳು. ಅಕ್ಕ ಶಾಲೆಯ ಓಟಗಾತಿ. ಬೆಳಗ್ಗೆ ಮನೆ ಮುಂದಿನ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ಅವಳು ಓಡುತ್ತಿದ್ದರೆ, ಹೊಸ್ತಿಲ ಮೇಲೆ ಕೂತು ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುತ್ತಿದ್ದವನು ಇವನೇ. ಮನೆಯಲ್ಲಿ ಗಡಿಯಾರವಿದ್ದರೂ ಅಕ್ಕನಿಗೆ ತಮ್ಮನ ಎಣಿಕೆಯೇ ಆಗಬೇಕಿತ್ತು. ಶಾಲೆ ಮುಗಿದ ಮೇಲೆ ಅಪ್ಪ, ಬೆಳೆದ ಹುಡುಗಿ ಓಡಿದ್ದು ಸಾಕು ಎಂದು ಅವಳನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದ. ಅವಳು ತುಟಿ ಪಿಟಕ್ಕೆನ್ನದೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಮಧ್ಯಾಹ್ನ ಹೋಗಿ ಬರತೊಡಗಿದಳು.

ಒಂದು ದಿನ ಆ ಚೀಲ ಇವನ ಕಣ್ಣಿಗೆ ಯಾಕೋ ದಪ್ಪವಾಗಿ ಕಂಡಿತು. ಹಿಂದೆಯೇ ಹೋದ. ಅಂಚೆ ಕಚೇರಿ ದಾಟಿದ ಮೇಲೆ ಮೂಲೆಯಲ್ಲಿ ಒಂದು ಬೇಕರಿ ವ್ಯಾನು ನಿಂತಿತ್ತು. ಅಕ್ಕ ಅತ್ತಿತ್ತ ನೋಡಿ ಅದರೊಳಗೆ ಹತ್ತಿದಳು. ಹೊಲಿಗೆ ಕ್ಲಾಸು ಇದ್ದದ್ದು ಬಲಕ್ಕೆ, ವ್ಯಾನು ತಿರುಗಿದ್ದು ಎಡಕ್ಕೆ. ಹುಡುಗ ಸಂಜೆ ಅಪ್ಪ ಕೈ ತೊಳೆಯುವುದನ್ನೇ ಕಾದಿದ್ದು ಎಲ್ಲವನ್ನೂ ಊದಿದ.

ಆಮೇಲಿನದು ದೊಡ್ಡ ರಾದ್ಧಾಂತ. ಅಕ್ಕ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಅಪ್ಪ ಅವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಚೀಲ ಕಿತ್ತುಕೊಂಡು ಸುರಿದಾಗ ಬಟ್ಟೆಯ ಜೊತೆ ಕ್ಯಾನ್ವಾಸ್ ಬೂಟು ಬಿದ್ದವು. ಅಪ್ಪನೂ ಪೇಂಟರ್, ಹಿತ್ತಲಲ್ಲಿ ಹಳೆ ಬಣ್ಣದ ಗಷ್ಟು ತುಂಬಿದ ಡ್ರಮ್ಮೊಂದಿತ್ತು. ಬೂಟುಗಳನ್ನು ಅದರೊಳಗೆ ಮುಳುಗಿಸಿದ. ವ್ಯಾನು ಎಲ್ಲಿಗೆ ಹೋಗಿತ್ತು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಹುಡುಗಿ, ವ್ಯಾನು, ಕದ್ದು ಹೋಗಿದ್ದು, ಅಷ್ಟರಲ್ಲೇ ಎಲ್ಲ ತೀರ್ಮಾನವಾಗಿಹೋಯಿತು. ಮಾರನೆಯ ದಿನದಿಂದ ಅವಳ ಓಟ ಪೂರ್ತಿ ನಿಂತಿತು. ಅಪ್ಪ ಮಗನ ಬೆನ್ನು ತಟ್ಟಿ, ನೀನು ನನ್ನ ಪತ್ತೇದಾರ ಎಂದ. ಆ ಹೆಮ್ಮೆ ಇವನ ಮೈಯಿಂದ ಐವತ್ತೊಂದನೇ ವಯಸ್ಸಿಗೂ ಇಳಿದಿರಲಿಲ್ಲ.

ಅಪ್ಪನ ಕಸುಬೇ ಇವನಿಗೂ ಬಂತು. ಊರಿನ ಆಟದ ಮೈದಾನದಲ್ಲಿ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಒಂದು ದೊಡ್ಡ ತಗಡಿನ ಬೋರ್ಡಿದೆ. ಆ ಮೈದಾನದ ದಾಖಲೆಗಳೆಲ್ಲ ಅದರ ಮೇಲೆ: ಯಾವ ಸ್ಪರ್ಧೆ, ಯಾರು, ಎಷ್ಟು, ಯಾವತ್ತು. ಅಪ್ಪ ಕೈ ಗಟ್ಟಿಯಿರುವಷ್ಟು ಕಾಲ ಅದನ್ನು ಬರೆದ. ಕೈ ನಡುಗಲು ಶುರುವಾದ ಮೇಲೆ ಬ್ರಷ್ಷನ್ನು ಮಗನಿಗೆ ಕೊಟ್ಟ, ಜೊತೆಗೆ ಒಂದು ಕಟ್ಟುನಿಟ್ಟಿನ ಮಾತನ್ನೂ ಕೊಟ್ಟ. ಮೈದಾನದವರ ಚೀಟಿಯಲ್ಲಿ ಬಂದದ್ದು ಬೋರ್ಡಿಗೆ, ಯಾಕೆ ಏನು ಎಂದು ಕೇಳುವುದು ಪೇಂಟರನ ಕೆಲಸವಲ್ಲ. ಮಗ ಹೂಂ ಅಂದ, ಆದರೆ ಮೊದಲನೇ ದಿನವೇ ಆ ಮಾತು ಮುರಿದ. ಹೊಸ ದಾಖಲೆ ಬರೆಯಬೇಕೆಂದರೆ ಸ್ಪರ್ಧೆಯ ಮೂಲ ಹಾಳೆಯನ್ನೇ ತಂದು ತೋರಿಸಬೇಕು, ಇಲ್ಲವಾದರೆ ಏಣಿ ಹತ್ತುವುದಿಲ್ಲ ಎಂದು ಕೂತುಬಿಡುತ್ತಿದ್ದ. ಇವನ ಕೆಲಸದ ಚೀಲದಲ್ಲಿ ರಟ್ಟಿನ ನೂರು ವರ್ಷದ ಕ್ಯಾಲೆಂಡರೊಂದು ಸದಾ ಇರುತ್ತಿತ್ತು. ಹಾಳೆಯಲ್ಲಿ ಭಾನುವಾರ ಎಂದಿದ್ದರೆ ಅದು ನಿಜಕ್ಕೂ ಭಾನುವಾರವೇ ಎಂದು ಅದರಲ್ಲಿ ನೋಡಿ, ಆಮೇಲೆ ಬ್ರಷ್ಷು ಅದ್ದುತ್ತಿದ್ದ.

ಮೊದಲ ಸಲ ಆ ಬೋರ್ಡನ್ನು ಕೆರೆದು ಹೊಸದಾಗಿ ಬರೆಯುವಾಗ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಇವನ ಕೈ ಒಂದು ಸಾಲಿನ ಮೇಲೆ ನಿಂತಿತು. ಮಹಿಳೆಯರ ಎಂಟುನೂರು ಮೀಟರ್, ಎರಡು ನಿಮಿಷ ಹದಿನೇಳು ಪಾಯಿಂಟ್ ನಾಲ್ಕು ಸೆಕೆಂಡ್. ಹೆಸರು ಅಕ್ಕನದು. ಅದು ಆಶ್ಚರ್ಯವಲ್ಲ, ತನ್ನ ಹೆಸರಲ್ಲಿ ದಾಖಲೆಯೊಂದಿದೆ ಎಂದು ಅಕ್ಕ ಯಾವಾಗಲೋ ಒಮ್ಮೆ ಅಂದದ್ದುಂಟು. ಇವನ ಕಣ್ಣು ಹೋದದ್ದು ತಾರೀಖಿನ ಮೇಲೆ. ಫೆಬ್ರವರಿ ಹನ್ನೊಂದು, ಆ ಬೂಟಿನ ರಾದ್ಧಾಂತದ ವರ್ಷವೇ.

ಆ ಫೆಬ್ರವರಿ ಹನ್ನೊಂದನ್ನು ಇವನು ಸಾಯುವವರೆಗೆ ಮರೆಯುವ ಹಾಗಿರಲಿಲ್ಲ. ಅಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಪರೇಷನ್ ಆದ ದಿನ ಅದು; ಆಸ್ಪತ್ರೆಯ ಕಾಗದ ಮನೆಯ ಕಪಾಟಿನಲ್ಲಿ ಇವತ್ತಿಗೂ ಇದೆ. ಬೆಳಗ್ಗೆಯಿಂದ ಸಂಜೆಯವರೆಗೆ ಅಕ್ಕ ಬೆಂಚಿನ ಮೇಲೆ ಇವನ ಪಕ್ಕದಲ್ಲೇ ಕೂತಿದ್ದಳು, ಬನ್ನು ಮುರಿದು ಮುರಿದು ತಿನ್ನಿಸಿದ್ದಳು. ಎದ್ದು ಹೋಗಿ ದಾಖಲೆ ಓಡಿ ಬರಲು ಅವಳಿಗೇನು ಎರಡು ದೇಹವಿತ್ತೇ? ಬೂಟುಗಳೂ ಅಷ್ಟರಲ್ಲಿ ಡ್ರಮ್ಮು ಸೇರಿದ್ದವು.

ಅಲ್ಲಿಂದ ಹಿಡಿದುಕೊಂಡಿತು ನೋಡಿ ಅನುಮಾನ. ಮೈದಾನದ ಆಗಿನ ತರಬೇತುದಾರ ಯಾರೋ ಅಕ್ಕನ ಮೇಲಿನ ಮಮತೆಯಿಂದ ಸುಳ್ಳು ಬರೆಸಿರಬೇಕು. ಮಮತೆ ಯಾಕೆ ಬಂತು? ವ್ಯಾನು ನೆನಪಿಸಿಕೊಳ್ಳಿ. ಹೀಗೆ ಒಂದಕ್ಕೊಂದು ಗಂಟು ಹಾಕುತ್ತ ಹೋದ. ಅಕ್ಕನನ್ನು ನೇರವಾಗಿ ಕೇಳಿದನೇ? ಊಹೂಂ. ಅನುಮಾನದವರು ಕೇಳುವುದಿಲ್ಲ, ಕೇಳಿದರೆ ಉತ್ತರ ಬಂದು ಅನುಮಾನ ಮುಗಿದುಹೋಗುತ್ತದಲ್ಲ. ಅಕ್ಕ ಮಾತಿನ ನಡುವೆ ನಾನು ಓಡುತ್ತಿದ್ದಾಗ ಎಂದು ಶುರುಮಾಡಿದರೆ ಇವನು ತುಟಿಯ ಒಂದು ತುದಿ ಕೊಂಕಿಸುತ್ತಿದ್ದ, ಅಷ್ಟೇ. ನಾಲ್ಕೈದು ಸಲ ಅದನ್ನು ನೋಡಿದ ಮೇಲೆ ಅವಳು ಓಟದ ಮಾತನ್ನೇ ಬಿಟ್ಟಳು. ಮೈದಾನದ ಕಡೆಯಂತೂ ಅವಳು ಬೂಟು ಹೋದಂದಿನಿಂದಲೇ ಕಾಲಿಟ್ಟವಳಲ್ಲ. ಎರಡೆರಡು ವರ್ಷಕ್ಕೊಮ್ಮೆ ಬೋರ್ಡು ಹೊಸದಾಗುವಾಗ ಆ ಸುಳ್ಳಿನ ಸಾಲನ್ನು ತನ್ನ ಕೈಯಾರೆ ತಿದ್ದಿ ಹೊಳೆಯಿಸುತ್ತಿದ್ದೇನಲ್ಲ ಎಂದು ಇವನಿಗೆ ಹೊಟ್ಟೆ ಉರಿಯುತ್ತಿತ್ತು. ಮನೆಯ ಮಾನ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಈ ವರ್ಷ ಜನವರಿ ಮೊದಲ ವಾರದಲ್ಲಿ ಮೈದಾನಕ್ಕೆ ಹೊಸ ಕಾರ್ಯದರ್ಶಿ ಬಂದಳು. ಚುರುಕಿನ ಹೆಣ್ಣುಮಗಳು, ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ. ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತವಳೇ ಪೇಂಟರನನ್ನು ಕರೆಸಿದಳು. ಪುರುಷರ ನೂರು ಮೀಟರ್, ಉದ್ದ ಜಿಗಿತ, ಈಟಿ ಎಸೆತ, ಮಹಿಳೆಯರ ಎಂಟುನೂರು ಮೀಟರ್. ಬೇರೆ ಬೇರೆ ವರ್ಷ, ಬೇರೆ ಬೇರೆ ಜನ, ಆದರೆ ನಾಲ್ಕೂ ದಾಖಲೆ ಬಂದದ್ದು ಫೆಬ್ರವರಿ ಹನ್ನೊಂದರಂದು. ಅಕ್ಕನ ಸಾಲಿನ ಮೇಲೇ ಕಣ್ಣಿಟ್ಟಿದ್ದ ಇವನಿಗೆ ಉಳಿದ ಮೂರು ಇಷ್ಟು ವರ್ಷ ಕಂಡಿರಲೇ ಇಲ್ಲ. ಇಂಥ ಚೋದ್ಯ ಯಾವ ಮೈದಾನದಲ್ಲೂ ಇರಲಾರದು ಎಂದು ಅವಳ ಸಂಭ್ರಮ. ಅದೇ ತಾರೀಖಿಗೆ ನಾಲ್ವರನ್ನೂ ಕರೆದು ಸನ್ಮಾನ, 'ಈ ದಿನ ನಮ್ಮ ಮೈದಾನದಲ್ಲಿ' ಎಂದು ಬೇರೆಯೇ ಒಂದು ಬೋರ್ಡು. ಅಕ್ಕನಿಗೆ ಫೋನ್ ಮಾಡಿಯೂ ಆಗಿತ್ತು, ಅವಳು ಬರುತ್ತೇನೆ ಎಂದಿದ್ದಳು.

ಬರುತ್ತೇನೆ ಅಂದಳಂತೆ! ಪತ್ತೇದಾರನಿಗೆ ಮೈ ಉರಿಯಿತು. ಇಷ್ಟು ದಿನ ತಗಡಿನ ಮೇಲೆ ಕೂತಿದ್ದ ಸುಳ್ಳು ಈಗ ವೇದಿಕೆ ಹತ್ತಿ ಹೂವಿನ ಗುಚ್ಛ ಹಿಡಿಯುತ್ತದೆ. ಅಷ್ಟಕ್ಕೂ ನಾಲ್ಕು ದಾಖಲೆ ಒಂದೇ ದಿನ ಅಂದರೆ ಸುಳ್ಳು ಒಂದಲ್ಲ, ನಾಲ್ಕೇ ಇರಬೇಕು.

"ಮೇಡಂ, ಇದರಲ್ಲಿ ಒಂದಂತೂ ಸುಳ್ಳು. ಈ ಎಂಟುನೂರು ಮೀಟರ್," ಎಂದ.

"ಅದು ನಿಮ್ಮ ಅಕ್ಕನದಲ್ವಾ ಪೇಂಟರೇ?"

"ಅದಕ್ಕೇ ನಂಗೆ ಗೊತ್ತು."

ಕಾರ್ಯದರ್ಶಿ ಅವನನ್ನು ಒಂದು ಕ್ಷಣ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸಾಮಾನಿನ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು, ಹಳೆಯ ಹಾಳೆಗಳೆಲ್ಲ ಅಲ್ಲಿನ ಟ್ರಂಕಿನಲ್ಲಿವೆ, ಸುಳ್ಳೆಂದು ತೋರಿಸಿದರೆ ಆ ಸಾಲನ್ನು ನೀವೇ ಕೆರೆದು ಹಾಕಿ, ತೋರಿಸಲಾಗದಿದ್ದರೆ ಸುಮ್ಮನೆ ಹೊಸ ಬೋರ್ಡು ಬರೆಯಿರಿ ಎಂದಳು. ಮನೆಗೆ ಬಂದು ಹೇಳಿದಾಗ ಹೆಂಡತಿ ಸೌಟು ಕೆಳಗಿಟ್ಟಳು. ಇದ್ದ ಒಬ್ಬ ಅಕ್ಕನ ಹೆಸರು ಅಳಿಸಲು ಅಷ್ಟೊಂದು ಉತ್ಸಾಹ ಯಾಕೆ ಎಂದು ಕೇಳಿದಳು. ಉತ್ಸಾಹವಲ್ಲ, ಸತ್ಯ ಎಂದ. ಹಾಗಾದರೆ ನಿಮ್ಮ ಸತ್ಯಕ್ಕೆ ನೀವೇ ಬಡಿಸಿಕೊಂಡು ತಿನ್ನಿ ಎಂದು ಅವಳು ಒಳಗೆ ಹೋದಳು.

ಸಾಮಾನಿನ ಕೋಣೆಯಲ್ಲಿ ಮುರಿದ ಹರ್ಡಲ್ಲುಗಳು, ತುಕ್ಕು ಹಿಡಿದ ಗುಂಡುಗಳು, ಇಲಿ ಕಡಿದ ಬಲೆ. ಮೂರು ಮಧ್ಯಾಹ್ನ ಇವನು ಟ್ರಂಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನೂರು ಮೀಟರಿನ ಹಾಳೆ ಸಿಕ್ಕಿತು. ಅದರ ಮೇಲೆ ಇದ್ದದ್ದು ಡಿಸೆಂಬರ್ ಮೂರು. ಉದ್ದ ಜಿಗಿತದ್ದು ಸಿಕ್ಕಿತು, ಆಗಸ್ಟ್ ಇಪ್ಪತ್ತೆರಡು. ಈಟಿ ಎಸೆತದ್ದು ಅಕ್ಟೋಬರ್ ಒಂಬತ್ತು. ಇವನ ಕಿವಿ ನೆಟ್ಟಗಾಯಿತು. ಮೂರರಲ್ಲಿ ಒಂದಕ್ಕೂ ಫೆಬ್ರವರಿಯ ಸೋಂಕಿಲ್ಲ. ಕ್ಯಾಲೆಂಡರ್ ತೆಗೆದು ವಾರಗಳನ್ನು ತಾಳೆ ನೋಡಿದ, ಎಲ್ಲ ಸರಿಯಿದ್ದವು. ಹಾಗಾದರೆ ಬೋರ್ಡಿನ ಮೇಲೆ ಹನ್ನೊಂದನ್ನು ತಂದು ಕೂರಿಸಿದ ಕಳ್ಳ ಯಾರು?

ಕಳ್ಳ ಸಿಕ್ಕಿದ್ದು ಟ್ರಂಕಿನ ತಳದಲ್ಲಿದ್ದ ಚೀಟಿ ಪುಸ್ತಕದಲ್ಲಿ. ಪೇಂಟರಿಗೆ ಕೊಟ್ಟ ಚೀಟಿಗಳ ಕಾರ್ಬನ್ ಪ್ರತಿಗಳು ಅದರಲ್ಲಿದ್ದವು. ಮೈದಾನದ ಸಮಿತಿಯ ವಾರ್ಷಿಕ ಸಭೆ ಆಗೆಲ್ಲ ಪ್ರತಿ ವರ್ಷ ಫೆಬ್ರವರಿ ಹನ್ನೊಂದಕ್ಕೆ. ವರ್ಷದ ದಾಖಲೆಗಳಿಗೆ ಒಪ್ಪಿಗೆ ಸಿಗುತ್ತಿದ್ದದ್ದು ಅಲ್ಲೇ, ಗುಮಾಸ್ತ ಪೇಂಟರಿಗೆ ಚೀಟಿ ಬರೆಯುತ್ತಿದ್ದದ್ದೂ ಅವತ್ತೇ. ಯಾವ ಕಾಗದಕ್ಕಾದರೂ ಹಾಕುವಂತೆ ಬಲಮೂಲೆಯಲ್ಲಿ ಅವತ್ತಿನ ತಾರೀಖು, ಕೆಳಗೆ ಸ್ಪರ್ಧೆ, ಹೆಸರು, ಸಮಯ. ಓಟ ಯಾವತ್ತು ನಡೆಯಿತು ಎಂದು ಬರೆಯುವುದನ್ನು ಆ ಪುಣ್ಯಾತ್ಮ ಒಂದು ಸಲವೂ ನೆನಪಿಟ್ಟುಕೊಂಡಿರಲಿಲ್ಲ. ಬೋರ್ಡಿನಲ್ಲಿ ತಾರೀಖಿಗೆಂದೇ ಒಂದು ಕಾಲಂ ಇದೆ, ಚೀಟಿಯಲ್ಲಿ ಇರುವುದು ಒಂದೇ ತಾರೀಖು. ಅಪ್ಪ ಅದನ್ನೇ ಎತ್ತಿ ಅಲ್ಲಿಟ್ಟಿದ್ದ. ಚೀಟಿಯಲ್ಲಿ ಬಂದದ್ದು ಬೋರ್ಡಿಗೆ. ಅಪ್ಪನ ಕಾಲದಿಂದ ಮುರಿಯದೆ ಉಳಿದ ದಾಖಲೆ ನಾಲ್ಕೇ, ಅದಕ್ಕೇ ನಾಲ್ಕು ಹನ್ನೊಂದುಗಳು. ಮಗಳ ಹೆಸರಿನ ಮುಂದೆ, ತಾನೇ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದ ದಿನದ ತಾರೀಖನ್ನು ಬರೆಯುವಾಗಲೂ ಅಪ್ಪನ ಬ್ರಷ್ಷು ತಡೆದಿರಲಿಲ್ಲ.

ಊರಿನಲ್ಲಿ ಪತ್ತೇದಾರ ಅನುಮಾನಿಸದೆ ಬಿಟ್ಟಿದ್ದ ಒಬ್ಬನೇ ಒಬ್ಬ ಮನುಷ್ಯ ಎಂದರೆ ಅವನ ಅಪ್ಪ.

ಅಕ್ಕನ ಹಾಳೆ ಎಲ್ಲದಕ್ಕಿಂತ ಕೆಳಗಿತ್ತು. ತಾರೀಖು ಇರಬೇಕಾದ ಮೂಲೆಯನ್ನು ಹುಳು ತಿಂದಿತ್ತು. ಉಳಿದದ್ದು ಚೊಕ್ಕವಾಗಿತ್ತು: ಮೂರು ಗಡಿಯಾರಗಳ ಸಮಯ, ಮೂವರ ಸಹಿ, ಮೊದಲ ಸ್ಥಾನದಲ್ಲಿ ಅಕ್ಕನ ಹೆಸರು. ಕೆಳಗೆ ಷರಾ ಎಂಬಲ್ಲಿ ಯಾರೋ ದುಂಡಗೆ ಬರೆದಿದ್ದರು. 'ಬೇಕರಿ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿದ್ದರಿಂದ ಮೂವರು ಹುಡುಗಿಯರು ತಡವಾಗಿ ತಲುಪಿದರು. ಓಟವನ್ನು ಹತ್ತು ನಿಮಿಷ ಮುಂದೂಡಲಾಯಿತು.'

ಪತ್ತೇದಾರ ಅದನ್ನು ನಾಲ್ಕು ಸಲ ಓದಿದ. ಅಭ್ಯಾಸ ಬಿಡುತ್ತದೆಯೇ, ಹಾಳೆಯನ್ನು ಬೆಳಕಿಗೆ ಹಿಡಿದ, ಮೂಸಿದ, ಶಾಯಿಯ ಮೇಲೆ ಉಗುರು ಆಡಿಸಿದ. ಶಾಯಿ ನಲವತ್ತು ವರ್ಷ ಹಳೆಯದೇ. ವ್ಯಾನು ಎಡಕ್ಕೆ ತಿರುಗಿದ್ದು ಮೈದಾನಕ್ಕೆ. ಅವನು ಹಿಂದೆ ಬಿದ್ದು ಹಿಡಿದದ್ದು, ಅಪ್ಪನ ಕಿವಿಗೆ ಊದಿದ್ದು, ಬೆನ್ನು ತಟ್ಟಿಸಿಕೊಂಡದ್ದು ಎಲ್ಲ ಆ ದಿನದ್ದೇ. ಅಕ್ಕ ದಾಖಲೆ ಓಡಿ ಬಂದ ದಿನ ಅದು. ಟ್ರಂಕಿನ ಮುಂದೆ ಕೂತಲ್ಲೇ ಅವನಿಗೆ ನಾಚಿಕೆಯಾಯಿತು. ಮೈಯ ಚರ್ಮ ಸುಲಿದಿಟ್ಟು ಹೋಗಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

ಅಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅಪ್ಪ ಹಾಕಿಕೊಟ್ಟ ದಾರಿ, ಇನ್ನೇನು. ಗಂಡ ತೀರಿಕೊಂಡ ಮೇಲೆ ಅಂಗಡಿಯೇ ಅವಳ ಮನೆಯೂ ಆಗಿತ್ತು. ಇವನು ಹೋದಾಗ ಅವಳು ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗಿಟ್ಟು, ಸನ್ಮಾನಕ್ಕೆಂದು ತನಗೇ ಒಂದು ನೀಲಿ ಕೋಟು ಹೊಲಿದುಕೊಳ್ಳುತ್ತಿದ್ದಳು. ತಮ್ಮನನ್ನು ನೋಡಿ ಕೋಟನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದಳು. ಮತ್ತೆ ತುಟಿ ಕೊಂಕಿಸುತ್ತಾನೆ ಎಂದು ಹೆದರಿದ್ದಳು. ಇವನು ಸ್ಟೂಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಕೊನೆಗೆ ನಲವತ್ತು ವರ್ಷದ ಹಿಂದೆ ಕೇಳಬೇಕಿದ್ದದ್ದನ್ನು ಕೇಳಿದ.

"ಅಕ್ಕ, ಆ ಬೇಕರಿ ವ್ಯಾನು ಎಲ್ಲಿಗೆ ಹೋಯ್ತು?"

ಮೆಷಿನ್ನಿನ ಚಕ್ರ ನಿಂತಿತು. ಇವನು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಅವಳು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದಳು. ಷರಾಕ್ಕೆ ಬಂದಾಗ ಸಣ್ಣಗೆ ನಕ್ಕಳು.

"ಹತ್ತು ನಿಮಿಷ ಎಲ್ಲಿಂದ ಬಂತು, ಕಾಲು ಗಂಟೆ ಆಗಿತ್ತು. ವ್ಯಾನು ತಳ್ಳಿ ತಳ್ಳಿ ಕೈಯೆಲ್ಲ ಗ್ರೀಸು. ಹಾಗೇ ಓಡಿದ್ವಿ."

"ಅಪ್ಪಂಗೆ ಹೇಳಿದ್ದು ನಾನೇ."

"ಗೊತ್ತು. ಬಾಗಿಲಲ್ಲಿ ನಿಂತಿದ್ಯಲ್ಲ, ಮುಖದ ಮೇಲೇ ಬರೆದಿತ್ತು."

ಇಷ್ಟು ವರ್ಷ ಗೊತ್ತಿದ್ದೂ ಒಂದು ಮಾತು ಬೈಯಲಿಲ್ಲವಲ್ಲ ಎಂದು ಇವನು ತಲೆ ತಗ್ಗಿಸಿಕೊಂಡೇ ಗೊಣಗಿದ.

"ಹನ್ನೊಂದು ವರ್ಷದ ಹುಡುಗನ್ನ ಏನಂತ ಬೈಯ್ಲಿ? ದೊಡ್ಡೋನಾದ್ಮೇಲೆ, ನಾನು ಓಡ್ತಿದ್ದೆ ಅಂದಾಗೆಲ್ಲ ತುಟಿ ಸೊಟ್ಟ ಮಾಡ್ತಿದ್ಯಲ್ಲ, ಅದಕ್ಕೆ ಬೈಯ್ಬೇಕಿತ್ತು. ಬೈಯ್ಲಿಲ್ಲ. ನನ್ನದೂ ತಪ್ಪೇ."

ಇವನು ಮೇಜಿನ ಮೇಲಿದ್ದ ಅಳತೆ ಟೇಪನ್ನು ಸುತ್ತಿದ, ಬಿಚ್ಚಿದ. ಆವತ್ತು ಮನೆಗೆ ಬಂದವಳು ಗೆದ್ದೆ ಅಂತ ಒಂದು ಮಾತು ಯಾಕೆ ಹೇಳಲಿಲ್ಲ, ಹೇಳಿದ್ದರೆ ಅಪ್ಪ ಸುಮ್ಮನಾಗುತ್ತಿದ್ದನೋ ಏನೋ ಎಂದು ಕೇಳಿದ.

"ಹೇಳೋಕೇ ಬಂದೆ ಕಣೋ," ಎಂದಳು ಅಕ್ಕ. "ವ್ಯಾನಿಗೂ ಕಾಯ್ಲಿಲ್ಲ. ಮೈದಾನದಿಂದ ಮನೆ ತನಕ ಓಡ್ಕೊಂಡೇ ಬಂದೆ. ಅಪ್ಪಂಗಲ್ಲ, ನಿಂಗೆ ಹೇಳೋಕೆ. ನೀನು ತಾನೇ ಎಣಿಸ್ತಿದ್ದೋನು."

ಪತ್ತೇದಾರ ಅತ್ತ. ಐವತ್ತೊಂದು ವರ್ಷದ ಗಂಡಸು, ಅಂಗಡಿಯ ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂಬ ಅನುಮಾನವೂ ಬರಲಿಲ್ಲ. ಅಕ್ಕ ಎದ್ದು ಬರಲಿಲ್ಲ, ತಲೆ ಸವರಲಿಲ್ಲ. ಅವಳಿಗೂ ಅಷ್ಟು ಸುಲಭಕ್ಕೆ ಮರೆಯುವಂಥದ್ದಾಗಿರಲಿಲ್ಲ ಅದು. ಹರಿದ ಬಟ್ಟೆಯ ತುಂಡೊಂದನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದಳು. ಅವನು ಅದರಲ್ಲಿ ಮೂಗು ಒರೆಸಿಕೊಂಡು, ಹಾಳೆಯ ಮೂಲೆಯನ್ನು ಹುಳು ತಿಂದಿದೆ, ಆವತ್ತಿನ ತಾರೀಖು ಎಷ್ಟು ಎಂದು ಕೇಳಿದ.

"ಜನವರಿ ಹದಿನೆಂಟು. ಶನಿವಾರ," ಎಂದಳು ಅಕ್ಕ. ಆಮೇಲೆ ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತ, "ಪುರಾವೆ ಇಲ್ಲ ನನ್ನ ಹತ್ರ," ಎಂದಳು.

ಕಾರ್ಯದರ್ಶಿಗೆ ವಿಷಯ ತಿಳಿದಾಗ ಅವಳ ಮುಖ ಸಪ್ಪೆಯಾಯಿತು. ಚೋದ್ಯ ಹೋಗಿ ಒಬ್ಬ ಗುಮಾಸ್ತನ ಚೀಟಿಯ ಕಥೆಯಾಯಿತಲ್ಲ. ಆದರೂ ಸನ್ಮಾನ ನಿಲ್ಲಿಸುವುದು ಬೇಡ, ನಾಲ್ಕು ತಾರೀಖನ್ನೂ ಮೊದಲು ಸರಿಪಡಿಸಿ ಎಂದಳು. ಮಾರನೆಯ ಬೆಳಗ್ಗೆ ಪತ್ತೇದಾರ ಬೋರ್ಡಿಗೆ ಏಣಿ ಹಾಕಿದ. ನಾಲ್ಕು ಹನ್ನೊಂದುಗಳನ್ನೂ ಬ್ಲೇಡಿನಿಂದ ಕೆರೆದು, ಎಮರಿ ಪೇಪರಿನಿಂದ ಉಜ್ಜಿ, ತಳದ ಬಣ್ಣ ಕೊಟ್ಟು ಒಣಗಲು ಬಿಟ್ಟ. ಮಧ್ಯಾಹ್ನ ಅಕ್ಕ ಬಂದಳು. ನೀಲಿ ಕೋಟು ಹಾಕಿಕೊಂಡಿದ್ದಳು, ಒಂದು ತೋಳಿಗೆ ಗುಂಡಿ ಇನ್ನೂ ಹಾಕಿರಲಿಲ್ಲ. ಮೈದಾನವನ್ನು ಒಂದು ಸುತ್ತು ನೋಡಿದಳು, ಆಮೇಲೆ ಏಣಿಯ ಬುಡ ಹಿಡಿದು ನಿಂತಳು.

ಡಿಸೆಂಬರ್ ಮೂರು ಬರೆದ, ಆಗಸ್ಟ್ ಇಪ್ಪತ್ತೆರಡು ಬರೆದ, ಅಕ್ಟೋಬರ್ ಒಂಬತ್ತು ಬರೆದ. ಸಣ್ಣ ಬ್ರಷ್ಷಿಗೆಂದು ಏಣಿಗೆ ತೂಗುಹಾಕಿದ್ದ ಚೀಲಕ್ಕೆ ಕೈ ಹಾಕಿದಾಗ ರಟ್ಟಿನ ಕ್ಯಾಲೆಂಡರು ಅಡ್ಡ ಬಂತು. ಅದನ್ನು ಪಕ್ಕಕ್ಕೆ ಸರಿಸಿ ಬ್ರಷ್ಷು ತೆಗೆದುಕೊಂಡ. ಎಂಟುನೂರು ಮೀಟರಿನ ಸಾಲಿನ ಕೊನೆಯಲ್ಲಿ ಜನವರಿ ಎಂದು ಬರೆಯುವಷ್ಟರಲ್ಲಿ ಕಾರ್ಯದರ್ಶಿ ಹಾಳೆಗಳನ್ನು ಹಿಡಿದುಕೊಂಡು ಬಂದಳು.

"ಪೇಂಟರೇ, ಉಳಿದ ಮೂರಕ್ಕೂ ಹಾಳೆಯಲ್ಲಿ ತಾರೀಖಿದೆ. ಇದಕ್ಕೆಲ್ಲಿದೆ? ಏನು ನೋಡ್ಕೊಂಡು ಬರೀತಿದ್ದೀರಿ?"

"ಅಕ್ಕ ಹೇಳಿದ್ದಾಳೆ," ಎಂದ ಪತ್ತೇದಾರ, ತಿರುಗಿ ನೋಡದೆ ಹದಿನೆಂಟು ಬರೆದ.